ಅಂಗೈಗೆ ಕಂಡ ನೆಗ್ಗು

ನಮ್ಮ ಮಾರುತಿ 800 ಕಾರಿಗೆ ಪೂರ್ತಿ ಪೇಂಟ್ ಹೊಡೆಸಲು ಎಷ್ಟಾಗುತ್ತದೆ ಎಂದು ಕೇಳಿದಾಗ ಮೇಸ್ತ್ರಿ ಏನೂ ಹೇಳದೆ ಕಾರಿಗೆ ಒಂದು ಸುತ್ತು ಬಂದರು. ಬಾನೆಟ್ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದರು. ಎಡ ಬಾಗಿಲಿನ ಕೆಳಗಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿದರು. ಅಲ್ಲಿ ಉಬ್ಬಿಕೊಂಡಿದ್ದ ಪೇಂಟ್ ಹಪ್ಪಳದ ಹಾಗೆ ಮುರಿದು, ಒಳಗಿನಿಂದ ಕೆಂಪು ಪುಡಿ ಅವರ ಚಪ್ಪಲಿಯ ಮೇಲೆ ಸುರಿಯಿತು.

“ನಲವತ್ತೈದು ಸಾವಿರ” ಎಂದರು.

ಆ ಕಾರನ್ನು ಮಾರಲು ಹೊರಟರೆ ಮೂವತ್ತು ಸಾವಿರ ಹುಟ್ಟಿದರೆ ಹೆಚ್ಚು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಸುಮ್ಮನೆ ನಿಂತದ್ದು ನೋಡಿ ಅವರೇ ಮುಂದುವರಿಸಿದರು. “ಪೇಂಟ್ ಹೊಡೆಯುವುದು ಅರ್ಧ ದಿನದ ಕೆಲಸ ಮಾರಾಯ್ರೆ. ದುಡ್ಡು ಹೋಗುವುದು ಅದಕ್ಕಲ್ಲ. ಅದಕ್ಕಿಂತ ಮೊದಲು ಬಿಚ್ಚಬೇಕು, ತಿಕ್ಕಬೇಕು, ತುಕ್ಕು ತೆಗೆಯಬೇಕು, ಪುಟ್ಟಿ ಹಾಕಬೇಕು, ಮತ್ತೆ ತಿಕ್ಕಬೇಕು. ನನ್ನ ಇಬ್ಬರು ಹುಡುಗರಿಗೆ ಹದಿನೈದು ದಿನ ಅದೇ ಆಗ್ತದೆ.”

“ಅದನ್ನೆಲ್ಲ ನಾನೇ ಮನೆಯಲ್ಲಿ ಮಾಡಿಕೊಂಡು ಬಂದರೆ?”

ಅವರು ನನ್ನ ಕೈ ನೋಡಿದರು. ಕೀಬೋರ್ಡ್ ಕುಟ್ಟುವ ಕೈ ಎಂಬುದು ಗೊತ್ತಾಗುವ ಹಾಗೆಯೇ ಇತ್ತು. ನಕ್ಕರು. “ತಿಕ್ಕಿ ತನ್ನಿ, ನೋಡುವಾ. ಸರಿ ಇದ್ದರೆ ಹದಿನಾರು ಸಾವಿರ. ಸರಿ ಇಲ್ಲದಿದ್ದರೆ ನಲವತ್ತೈದೇ.”

ಇದು 2022ರ ದೀಪಾವಳಿ ಮುಗಿದ ವಾರದ ಮಾತು. ನಮ್ಮ ಮನೆ ಇರುವುದು ಹೊನ್ನಾವರದ ಹತ್ತಿರ, ಶರಾವತಿ ಸಮುದ್ರ ಸೇರುವ ಜಾಗದಿಂದ ಬಹಳ ದೂರವಿಲ್ಲ. ವರ್ಷಕ್ಕೆ ಮೂರು ಮೀಟರಿಗಿಂತ ಹೆಚ್ಚು ಮಳೆ, ಉಳಿದ ದಿನ ಉಪ್ಪು ಗಾಳಿ. ಇಲ್ಲಿ ಕಿಟಕಿಯ ಸರಳಿನಿಂದ ಹಿಡಿದು ಹಿತ್ತಲಿನ ಕತ್ತಿಯವರೆಗೆ ಕಬ್ಬಿಣದ್ದು ಎಂಬುದೆಲ್ಲ ದಿನದಿನವೂ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಿರುತ್ತದೆ. ಕಾರು 1997ರ ಡಿಸೆಂಬರಿನದು. ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಆ ಡಿಸೆಂಬರಿಗೆ ಮತ್ತೆ ಸರದಿ ಬಂದಿತ್ತು. ಅದೇ ವರ್ಷದ ಏಪ್ರಿಲ್‌ನಿಂದ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ತುಕ್ಕು ಸುರಿಯುವ ಗಾಡಿಯನ್ನು ಆರ್‌ಟಿಓ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸುವ ಹಾಗಿರಲಿಲ್ಲ.

“ಗುಜರಿಗೆ ಕೊಟ್ಟುಬಿಡಿ” ಎಂದು ಎಲ್ಲರೂ ಹೇಳಿದರು. ಬಾವ ಹೇಳಿದರು, ಪಕ್ಕದ ಮನೆಯವರು ಹೇಳಿದರು, ಹಾಲು ಕೊಡುವ ಹುಡುಗನೂ ಹೇಳಿದ. ಲೆಕ್ಕ ಹಾಕಿದರೆ ಅವರ ಮಾತೇ ಸರಿ. ಆದರೆ ಅಪ್ಪ ಏನೂ ಹೇಳಲಿಲ್ಲ. ಅಪ್ಪ ಏನೂ ಹೇಳದ್ದರಿಂದಲೇ ನಾನು ಎಮರಿ ಪೇಪರ್ ತರಲು ಹೊರಟೆ.

ಅಪ್ಪ ಸಹಕಾರಿ ಸೊಸೈಟಿಯಲ್ಲಿ ಕಾರ್ಯದರ್ಶಿಯಾಗಿದ್ದವರು. ಲೆಕ್ಕದ ಮನುಷ್ಯ. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ 800 ರಸ್ತೆಗಿಳಿದಾಗಿನಿಂದ ಅದರ ಮೇಲೆ ಕಣ್ಣಿಟ್ಟು, ಹದಿನಾಲ್ಕು ವರ್ಷ ದುಡ್ಡು ಕೂಡಿಸಿ ಕೊಂಡವರು. ಪೆಟ್ರೋಲ್ ಹಾಕಿಸಿದಾಗಲೆಲ್ಲ ತಾರೀಖು, ಲೀಟರು, ಮೀಟರಿನ ಅಂಕಿ ಇಷ್ಟನ್ನೂ ಉದ್ದ ಪುಸ್ತಕದಲ್ಲಿ ಬರೆಯುತ್ತಿದ್ದರು. 2019ರಲ್ಲಿ ಒಂದು ದಿನ ಪೇಟೆಯಿಂದ ಬಂದವರು ಕಾರಿನ ಕೀಯನ್ನು ಮೊಳೆಗೆ ನೇತುಹಾಕಿದರು. ಮತ್ತೆ ತೆಗೆಯಲಿಲ್ಲ. ಎಡಗಡೆಯಿಂದ ಬಂದ ಸೈಕಲ್ ಅವರಿಗೆ ಕಾಣಲೇ ಇಲ್ಲವಂತೆ. ಪುಣ್ಯಕ್ಕೆ ಸವಾರನಿಗೆ ಏನೂ ಆಗಲಿಲ್ಲ. ಆಮೇಲೆ ಕಣ್ಣಿನ ಡಾಕ್ಟರು ನೋಡಿ ಗ್ಲಾಕೋಮಾ ಎಂದರು. ಕಣ್ಣಿನ ನರವನ್ನು ತಿನ್ನುವ ಕಾಯಿಲೆ. ನೋವಿಲ್ಲ, ಉರಿಯಿಲ್ಲ. ನೋಟ ಸಾಮಾನ್ಯವಾಗಿ ಅಂಚಿನಿಂದ ಮಾಸುತ್ತಾ ಬರುತ್ತದೆ, ನಡುವಿನದು ಕೊನೆಗೆ. ಹೋದ ನೋಟ ತಿರುಗಿ ಬರುವುದಿಲ್ಲ. ಇದ್ದದ್ದನ್ನು ಉಳಿಸಿಕೊಳ್ಳಲು ದಿನವೂ ಹನಿ ಔಷಧಿ ಬಿಡಬೇಕು. ಅಪ್ಪನ ಎಡಗಣ್ಣು ಹೆಚ್ಚುಕಡಿಮೆ ಹೋಗಿತ್ತು. ಬಲಗಣ್ಣಿನಲ್ಲಿ ಕೊಳವೆಯೊಳಗಿಂದ ನೋಡಿದಷ್ಟು ಉಳಿದಿತ್ತು.

ಮನೆಯಿಂದಲೇ ಕಚೇರಿ ಕೆಲಸ ಮಾಡುತ್ತಿದ್ದ ದಿನಗಳವು. ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಕತ್ತಲಾಗುವವರೆಗೆ, ಮತ್ತೆ ಶನಿವಾರ, ಭಾನುವಾರ. ಇಷ್ಟು ಹೊತ್ತು ಕಾರಿಗೆ ಎಂದು ಇಟ್ಟುಕೊಂಡೆ. ದನಗಳಿಲ್ಲದ ಹಳೆಯ ಕೊಟ್ಟಿಗೆಯೇ ಕಾರಿನ ಮನೆ. ಮೂರು ಕಡೆ ಗಾಳಿ, ಒಂದು ಕಡೆ ಗೋಡೆ.

ಮೊದಲ ಎರಡು ದಿನ ಬಿಚ್ಚುವುದೇ ಆಯಿತು. ಬಂಪರು, ದೀಪಗಳು, ಬಾಗಿಲ ಹಿಡಿಕೆ, ಕನ್ನಡಿ, ಗಾಜಿನ ಬುಡದ ರಬ್ಬರ್ ಬೀಡಿಂಗ್. ಬಿಚ್ಚದೆ ಟೇಪ್ ಅಂಟಿಸಿ ಪೇಂಟ್ ಹೊಡೆದರೆ ಅಂಚಿನಲ್ಲಿ ಗೆರೆ ನಿಲ್ಲುತ್ತದೆ. ಒಂದೆರಡು ಮಳೆಗಾಲ ಕಳೆದಾಗ ಅಲ್ಲಿಂದಲೇ ಸಿಪ್ಪೆ ಏಳುತ್ತದೆ. ಪ್ರತಿ ಜಾಗದ ಸ್ಕ್ರೂಗಳನ್ನು ಬೇರೆ ಬೇರೆ ಉಪ್ಪಿನಕಾಯಿ ಬಾಟಲಿಗಳಲ್ಲಿ ಹಾಕಿ ಚೀಟಿ ಬರೆದಿಟ್ಟೆ. ಅಮ್ಮ ಬಾಟಲಿ ಲೆಕ್ಕ ಮಾಡಿ, “ಒಂಬತ್ತು. ವಾಪಸ್ ಬರಬೇಕು” ಎಂದಳು.

ಆಮೇಲೆ ತೊಳೆಯುವುದು. ತಿಕ್ಕುವುದಕ್ಕಿಂತ ಮೊದಲು ಜಿಡ್ಡು ತೆಗೆಯಬೇಕು ಎಂದು ಮೇಸ್ತ್ರಿ ಒತ್ತಿ ಹೇಳಿದ್ದರು. ವರ್ಷಗಟ್ಟಲೆ ಹಚ್ಚಿದ ಪಾಲಿಶ್, ಎಣ್ಣೆ, ಹೊಗೆಯ ಜಿಡ್ಡು ಮೇಲಿದ್ದಾಗ ತಿಕ್ಕಿದರೆ ಅದು ಗೀರುಗಳ ಒಳಗೆ ಹೋಗಿ ಕೂರುತ್ತದೆ. ಮೇಲೆ ಹೊಡೆದ ಹೊಸ ಪೇಂಟ್ ಆ ಜಾಗದಲ್ಲಿ ಹಿಡಿಯುವುದಿಲ್ಲ, ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ. ಸೋಪಿನ ನೀರಿನಲ್ಲಿ ಎರಡು ಸಲ ತೊಳೆದೆ. ಜಿಡ್ಡು ತೆಗೆಯುವ ದ್ರಾವಣವನ್ನು ಒಂದು ಬಟ್ಟೆಯಲ್ಲಿ ಹಚ್ಚಿ, ಒಣಗುವ ಮೊದಲೇ ಇನ್ನೊಂದು ಒಣಬಟ್ಟೆಯಲ್ಲಿ ಒರೆಸಿದೆ. ಒಂದೇ ಬಟ್ಟೆಯಾದರೆ ಜಿಡ್ಡು ಜಾಗ ಬದಲಿಸುತ್ತದೆ ಅಷ್ಟೆ, ಹೋಗುವುದಿಲ್ಲ.

ಮೂರನೆಯ ದಿನದಿಂದ ತುಕ್ಕಿನ ಸರದಿ. ತುಕ್ಕು ಮೇಲಿನಿಂದ ಬರುತ್ತದೆ ಎಂದುಕೊಂಡಿದ್ದೆ. ನಮ್ಮ ಕಾರಿನಲ್ಲಿ ಹೆಚ್ಚಿನದು ಒಳಗಿನಿಂದ ಬಂದದ್ದು. ಕಿಟಕಿಯ ಗಾಜಿನ ಮೇಲೆ ಬಿದ್ದ ಮಳೆನೀರಿನಲ್ಲಿ ಸ್ವಲ್ಪವಾದರೂ ಬಾಗಿಲಿನ ಹೊಟ್ಟೆಯೊಳಗೆ ಇಳಿಯುತ್ತದೆ, ಅದನ್ನು ತಡೆಯಲಾಗುವುದಿಲ್ಲ. ಕಾರು ಮಾಡಿದವರಿಗೂ ಇದು ಗೊತ್ತು. ಅದಕ್ಕೇ ಬಾಗಿಲಿನ ಬುಡದಲ್ಲಿ ನೀರು ಹೋಗಲು ಸಣ್ಣ ತೂತುಗಳನ್ನು ಇಟ್ಟಿರುತ್ತಾರೆ. ಕೊಟ್ಟಿಗೆಯ ಪಕ್ಕದ ಗೇರುಮರದ ಎಲೆಚೂರು, ಕೆಂಪು ಧೂಳು ಸೇರಿ ಆ ತೂತುಗಳು ಯಾವ ಕಾಲದಲ್ಲೋ ಮುಚ್ಚಿಹೋಗಿದ್ದವು. ಇಪ್ಪತ್ತೈದು ಮಳೆಗಾಲದ ನೀರು ಬಾಗಿಲಿನೊಳಗೇ ನಿಂತು ಒಣಗಿತ್ತು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಪೇಂಟ್ ಉಬ್ಬುವುದು ಅದರಿಂದ. ಹೊರಗೆ ಉಬ್ಬು ಕಾಣುವ ಹೊತ್ತಿಗೆ ಒಳಗಿನ ಕೆಲಸ ಮುಗಿದಿರುತ್ತದೆ.

ತಂತಿ ಬ್ರಷ್ಷಿನಿಂದ ಸಡಿಲ ತುಕ್ಕನ್ನೆಲ್ಲ ಉಜ್ಜಿ ತೆಗೆದು, ಉಳಿದ ಕಲೆಗಳ ಮೇಲೆ ಫಾಸ್ಫಾರಿಕ್ ಆಮ್ಲವಿರುವ ದ್ರವ ಹಚ್ಚಿದೆ. ಕೆಂಪು ನಿಧಾನವಾಗಿ ಕಪ್ಪಾಯಿತು. ಆದರೆ ಎಡ ಮುಂಬಾಗಿಲಿನ ಬುಡದಲ್ಲಿ ನಾಲ್ಕು ಬೆರಳಿನಷ್ಟು ಉದ್ದಕ್ಕೆ ತಗಡೇ ಇರಲಿಲ್ಲ. ಪುಟ್ಟಿ ತುಂಬಿ ಮುಚ್ಚಿಬಿಡೋಣ ಎಂದು ಒಂದು ಕ್ಷಣ ಅನಿಸಿತು. ಮೇಲೆ ಪೇಂಟ್ ಬಂದರೆ ಯಾರಿಗೆ ಗೊತ್ತಾಗುತ್ತದೆ? ಮೇಸ್ತ್ರಿಗೆ ಫೋನ್ ಮಾಡಿ ಕೇಳಿಯೂಬಿಟ್ಟೆ. “ತೂತಿಗೆ ಪುಟ್ಟಿ ಹಾಕಬೇಡಿ. ಅದು ನೀರು ಹೀರ್ತದೆ. ಆರು ತಿಂಗಳಲ್ಲಿ ನಿಮ್ಮ ಬಂಡವಾಳ ಹೊರಗೆ ಬರ್ತದೆ” ಎಂದರು. ಬಾಗಿಲನ್ನು ಕೀಲಿನಿಂದ ಬಿಚ್ಚಿ, ಆಟೋದ ಹಿಂದಿನ ಸೀಟಿನಲ್ಲಿ ಮಲಗಿಸಿ ವೆಲ್ಡಿಂಗ್ ಅಂಗಡಿಗೆ ಒಯ್ದೆ. ಕೊಳೆತ ತಗಡನ್ನು ಕತ್ತರಿಸಿ ಹೊಸ ತುಂಡು ಕೂರಿಸಿಕೊಟ್ಟರು. ದಾರಿಯುದ್ದಕ್ಕೂ ಜನ ಆಟೋದೊಳಗಿನ ಬಾಗಿಲನ್ನು ನೋಡಿ, ಮತ್ತೆ ನನ್ನ ಮುಖ ನೋಡಿದರು.

ಆಮೇಲೆ ತಿಕ್ಕುವುದು. ಇದನ್ನು ಬರೆದು ಹೇಳುವುದು ಕಷ್ಟ, ಯಾಕೆಂದರೆ ಅದರಲ್ಲಿ ಏನೂ ನಡೆಯುವುದಿಲ್ಲ. ಕೈ ಹೋಗುತ್ತದೆ, ಬರುತ್ತದೆ. ಬೆರಳಿನಲ್ಲೇ ಕಾಗದ ಹಿಡಿದು ತಿಕ್ಕಿದರೆ ಬೆರಳಿನ ಆಕಾರಕ್ಕೆ ಗೆರೆ ಬೀಳುತ್ತದೆ. ಆದ್ದರಿಂದ ಬಾಗಿದ ಜಾಗಕ್ಕೆ ಹವಾಯಿ ಚಪ್ಪಲಿಯ ತುಂಡು, ಸಪಾಟು ಜಾಗಕ್ಕೆ ಒಂದಡಿ ಉದ್ದದ ಮರದ ಪಟ್ಟಿ ಇವುಗಳಿಗೆ ಕಾಗದ ಸುತ್ತಿ ತಿಕ್ಕಬೇಕು. ಒಂದೇ ದಿಕ್ಕಿನಲ್ಲಿ ಅಲ್ಲ, ಓರೆಯಾಗಿ ಒಮ್ಮೆ ಹೀಗೆ, ಒಮ್ಮೆ ಹಾಗೆ. ಮೊದಲ ಉತ್ಸಾಹದಲ್ಲಿ ಒಂದು ಸಂಜೆ ಬಾನೆಟ್ಟನ್ನು ಪೂರ್ತಿ ಬೋಳು ಮಾಡಿದೆ. ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಅದರ ಮೇಲೆಲ್ಲ ಚಹಾದ ಬಣ್ಣದ ಮಸುಕು. ಒಂದೇ ರಾತ್ರಿಯ ಇಬ್ಬನಿ, ಉಪ್ಪು ಗಾಳಿ. ಪ್ರೈಮರ್ ಹಚ್ಚಿ ಮುಗಿಸಲು ಆಗುವಷ್ಟನ್ನೇ ಒಂದು ದಿನಕ್ಕೆ ಬೋಳು ಮಾಡಬೇಕು ಎಂಬುದನ್ನು ಹೀಗೆ ಕಲಿತೆ. ಪೇಂಟ್ ಗಟ್ಟಿ ಇರುವ ಕಡೆ ಬೋಳು ಮಾಡುವುದೇ ಬೇಡ, ಹೊಳಪು ಸಾಯುವಷ್ಟು ತಿಕ್ಕಿದರೆ ಸಾಕು ಎಂಬುದು ಆಮೇಲೆ ತಿಳಿಯಿತು.

ತಿಕ್ಕುತ್ತಾ ಹೋದಂತೆ ಕಾರಿನ ಹಳೆಯ ಕಥೆಗಳೆಲ್ಲ ಒಂದೊಂದಾಗಿ ಮೇಲೆ ಬಂದವು. ಮರ ಕಡಿದಾಗ ಕಾಣುವ ಸುತ್ತುಗಳ ಹಾಗೆ ಬಿಳಿ, ಅದರಾಚೆ ಬೂದು, ಅದರಾಚೆ ತಗಡು. ಎಡಗಡೆಯ ಮುಂದಿನ ಮಡ್‌ಗಾರ್ಡ್, ಬಂಪರಿನ ಮೂಲೆ, ಬಾಗಿಲಿನ ಅಂಚು ಇಲ್ಲೆಲ್ಲ ಸಣ್ಣ ಬ್ರಷ್ಷಿನಲ್ಲಿ ಹಚ್ಚಿದ ಬಿಳಿ ಬಣ್ಣದ ತೇಪೆಗಳು. ಯಾರೋ ಗೀರುಗಳನ್ನು ಜಾಗ್ರತೆಯಿಂದ ಮುಚ್ಚಿದ್ದರು. ಎಣಿಸಿದೆ. ಎಡಗಡೆ ಹನ್ನೊಂದು, ಬಲಗಡೆ ಎರಡು. ಬಲಗಡೆ ಕೂತು ಓಡಿಸುವವರಿಗೆ ಎಡಬದಿ ದೂರ, ಎಲ್ಲರ ಕಾರಿನಲ್ಲೂ ಎಡಕ್ಕೇ ಗೀರು ಹೆಚ್ಚು. ಹಾಗೆಂದು ನನಗೆ ನಾನೇ ಹೇಳಿಕೊಂಡು ಮುಂದೆ ತಿಕ್ಕಿದೆ.

ಪುಟ್ಟಿ ಎಲ್ಲೆಲ್ಲಿದೆ ಎಂದು ತಿಳಿಯಲು ಮೇಸ್ತ್ರಿ ಒಂದು ಸುಲಭದ ಉಪಾಯ ಹೇಳಿದ್ದರು. ಒಂದು ಅಯಸ್ಕಾಂತವನ್ನು ಕರವಸ್ತ್ರದಲ್ಲಿ ಸುತ್ತಿ ಕಾರಿನ ಮೈಮೇಲೆ ಆಡಿಸುವುದು. ತಗಡಿದ್ದಲ್ಲಿ ಎಳೆಯುತ್ತದೆ, ದಪ್ಪ ಪುಟ್ಟಿ ಇದ್ದಲ್ಲಿ ಕೈ ಸಡಿಲವಾಗುತ್ತದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಅಯಸ್ಕಾಂತ ತೆಗೆದುಕೊಂಡು ಶುರು ಮಾಡಿದೆ. ಎಡ ಹಿಂಬಾಗಿಲಿನ ನಡುವಿನಲ್ಲಿ ಅದು ಕಳಚಿ ಕೆಳಗೆ ಬಿತ್ತು.

ಬೀಳುತ್ತದೆ ಎಂದು ನನಗೆ ಗೊತ್ತಿತ್ತು.

2003ರ ಫೆಬ್ರವರಿ. ನಾನು ಡಿಗ್ರಿ ಎರಡನೆಯ ವರ್ಷ. ಲೈಸೆನ್ಸ್ ಬಂದು ನಾಲ್ಕು ತಿಂಗಳಾಗಿತ್ತು, ಆದರೆ ಅಪ್ಪ ಪಕ್ಕದಲ್ಲಿಲ್ಲದೆ ಕಾರು ಮುಟ್ಟುವ ಹಾಗಿರಲಿಲ್ಲ. ಅಪ್ಪ ಸೊಸೈಟಿಯ ಕೆಲಸಕ್ಕೆ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿದ್ದರು. ಅಮ್ಮ ಮದುವೆಗೆಂದು ತವರಿಗೆ ಹೋಗಿದ್ದಳು. ಗುಂಡಬಾಳದಲ್ಲಿ ಯಕ್ಷಗಾನ. ಮೂವರು ಗೆಳೆಯರನ್ನು ತುಂಬಿಕೊಂಡು ಹೋದೆ, ಬೆಳಗಿನ ಜಾವದವರೆಗೆ ಆಟ ನೋಡಿ ಹೊರಟೆ. ಕಣ್ಣೊಳಗೆ ಇನ್ನೂ ಬಣ್ಣದ ವೇಷ, ಕಿವಿಯಲ್ಲಿ ಚಂಡೆ. ನಮ್ಮ ಓಣಿಯ ತಿರುವಿನಲ್ಲಿ ಬೇಗ ತಿರುಗಿಸಿದೆ. ಚಿರೇಕಲ್ಲಿನ ಕಂಬ ಎಡ ಹಿಂಬಾಗಿಲನ್ನು ಒತ್ತಿಕೊಂಡು ಹೋಯಿತು.

ಆ ಶಬ್ದ ಇವತ್ತಿಗೂ ನೆನಪಿದೆ. ಕಂಬಕ್ಕೆ ಏನೂ ಆಗಲಿಲ್ಲ.

ಅಕ್ಕ ಟ್ಯೂಷನ್ ಹೇಳಿ ಕೂಡಿಸಿಟ್ಟಿದ್ದ 1,200 ರೂಪಾಯಿ ಕೊಟ್ಟಳು. ದೂರದ ಊರಿನ ಟಿಂಕರಿಂಗ್ ಶೆಡ್ಡಿಗೆ ಒಯ್ದೆ. ಎರಡು ದಿನದಲ್ಲಿ ಆಗಲೇಬೇಕು ಎಂದು ಅಂಗಲಾಚಿದೆ. ಬಾಗಿಲ ಒಳಗಿನ ಪ್ಯಾಡ್ ಬಿಚ್ಚಿ, ಒಳಗಿನಿಂದ ತಟ್ಟಿ ನೆಗ್ಗು ಎತ್ತಲು ಅವರಿಗೆ ಹೊತ್ತಿರಲಿಲ್ಲ. ಗುಳಿಗೆ ಪುಟ್ಟಿ ತುಂಬಿ, ತಿಕ್ಕಿ, ಬಿಳಿ ಹೊಡೆದು ಕೊಟ್ಟರು. ತಪ್ಪು ಅವರದ್ದಲ್ಲ, ನಾನು ಕೇಳಿದ್ದೇ ಅದನ್ನು. ಅಪ್ಪ ಬಂದರು, ಕಾರು ಹತ್ತಿದರು, ಆಫೀಸಿಗೆ ಹೋದರು. ಏನೂ ಹೇಳಲಿಲ್ಲ. ಎಷ್ಟೋ ದಿನ ನನಗೆ ಊಟ ಸೇರಲಿಲ್ಲ, ಆಮೇಲೆ ಸೇರಿತು. ಆಮೇಲೆ ಮರೆತೆ.

ಈಗ ಅಯಸ್ಕಾಂತ ಎತ್ತಿಕೊಂಡು ಜೇಬಿಗೆ ಹಾಕಿಕೊಂಡೆ. ಅಪ್ಪ ಜಗಲಿಯಲ್ಲಿ ಕೂತಿದ್ದರು. ಮೂವತ್ತೊಂಬತ್ತು ವರ್ಷದ ನಾನು ಆವತ್ತೂ ಹೇಳಲಿಲ್ಲ.

ಮರುದಿನ ಭಾನುವಾರ. ಮುಂದಿನ ಮಡ್‌ಗಾರ್ಡಿನ ಮೇಲೆ ಹೊಸದಾಗಿ ಹಚ್ಚಿದ ಪುಟ್ಟಿ ಸಪಾಟಾಗಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ತಿಕ್ಕಿದ ಮೈಗೆ ಹೊಳಪಿರುವುದಿಲ್ಲ. ಹೊಳಪಿಲ್ಲದ ಕಡೆ ಏರುತಗ್ಗು ಕಣ್ಣಿಗೆ ಕಾಣುವುದಿಲ್ಲ. ಪೇಂಟ್ ಬಿದ್ದು ಹೊಳಪು ಬಂದ ಮೇಲೆ ಪ್ರತಿಯೊಂದು ಅಲೆಯೂ ಎದ್ದು ಕಾಣುತ್ತದೆ, ಆಗ ಕಾಲ ಮೀರಿರುತ್ತದೆ. “ಕಣ್ಣು ನಂಬಬೇಡಿ” ಎಂದಿದ್ದರು ಮೇಸ್ತ್ರಿ. “ತೆಳು ಬಟ್ಟೆಯ ಮೇಲೆ ಅಂಗೈ ಇಟ್ಟು ಉದ್ದಕ್ಕೆ ಎಳೆಯಿರಿ. ಕೈಗೆ ಗೊತ್ತಾಗ್ತದೆ.” ನನ್ನ ಕೈಗೆ ಏನೂ ಗೊತ್ತಾಗಲಿಲ್ಲ. ಹತ್ತು ಸಲ ಎಳೆದರೂ ಎಲ್ಲವೂ ಒಂದೇ ಸಮ.

“ಅಪ್ಪ, ಸ್ವಲ್ಪ ಬಂದು ಕೈ ಆಡಿಸಿ ನೋಡ್ತೀರಾ?” ಎಂದೆ. ಯಾಕೆ ಕರೆದೆನೋ. ಮೂರು ವರ್ಷದಿಂದ ಅವರು ಬಾಗಿಲ ಚೌಕಟ್ಟು, ಲೋಟ, ಸ್ವಿಚ್ಚು ಎಲ್ಲವನ್ನೂ ಕೈಯಿಂದ ಹುಡುಕುತ್ತಿದ್ದುದನ್ನು ನೋಡಿದ್ದೆನಲ್ಲ, ಅದಕ್ಕಿರಬೇಕು.

ಅಪ್ಪ ಗೋಡೆ ಹಿಡಿದುಕೊಂಡು ಬಂದರು. ಮಡ್‌ಗಾರ್ಡಿನ ಮೇಲೆ ಬಟ್ಟೆ ಹಾಸಿ ಅವರ ಕೈಯನ್ನು ಅದರ ಮೇಲಿಟ್ಟೆ. ನಿಧಾನವಾಗಿ ಎಳೆದರು. “ಇಲ್ಲಿ ಎತ್ತರ” ಎಂದರು. ಪೆನ್ಸಿಲಿನಲ್ಲಿ ಗುರುತು ಮಾಡಿದೆ. “ಇಲ್ಲಿ ತಗ್ಗು. ಅಂಗುಲ ಅಗಲ.” ಗುರುತು ಮಾಡಿದೆ. ಮರದ ಪಟ್ಟಿಯನ್ನು ಅಡ್ಡ ಇಟ್ಟು ಕೆಳಗೆ ಬೆಳಕು ಹಾಯುತ್ತದೆಯೇ ಎಂದು ನೋಡಿದೆ. ಎರಡೂ ನಿಜ.

ಅಪ್ಪನ ಮುಖದಲ್ಲಿ ಏನೋ ಬದಲಾಯಿತು. ಬಟ್ಟೆ ಹಿಡಿದುಕೊಂಡು ತಾವೇ ಮುಂದೆ ಹೋದರು. ಮುಂಬಾಗಿಲು. ವೆಲ್ಡಿಂಗ್ ಮಾಡಿದ ಜಾಗ ಕೇಳಿ ತಿಳಿದುಕೊಂಡರು. ಆಮೇಲೆ ಹಿಂಬಾಗಿಲು. ಅಂಗೈ ನಡುವಿಗೆ ಬಂದು ನಿಂತಿತು. ಹಿಂದೆ ಹೋಗಿ ಮತ್ತೆ ಬಂತು.

“ಇದು ಗುಂಡಬಾಳದ್ದು” ಎಂದರು.

ನನ್ನ ಕೈಯಲ್ಲಿದ್ದ ಪೆನ್ಸಿಲ್ ಹಾಗೆಯೇ ಇತ್ತು.

“ಅಕ್ಕ ಹೇಳಿದಳಾ?”

“ಯಾರೂ ಹೇಳಲಿಲ್ಲ. ನಾನು ಬರುವಾಗ ಮೀಟರ್ ಎಂಬತ್ತು ಚಿಲ್ಲರೆ ಕಿಲೋಮೀಟರ್ ಮುಂದೆ ಹೋಗಿತ್ತು. ಮತ್ತೆ ಈ ಬಾಗಿಲಿನ ಬಿಳಿ ಬೇರೆ ಬಿಳಿ ಆಗಿತ್ತು. ಸೀಟಿನ ಕೆಳಗೆ ಆಟದ ಹ್ಯಾಂಡ್‌ಬಿಲ್ ಇತ್ತು.”

“ಮತ್ತೆ ಯಾಕೆ ಕೇಳಲಿಲ್ಲ?”

ಅಪ್ಪ ಬಟ್ಟೆಯನ್ನು ಮಡಚಿದರು. “ಕೇಳಿದರೆ ನೀನು ಸುಳ್ಳು ಹೇಳ್ತಿದ್ದೆ. ನಾನೇ ಯಾಕೆ ಹೇಳಿಸಬೇಕು ಅಂತ.” ಸ್ವಲ್ಪ ಹೊತ್ತು ಬಿಟ್ಟು, “ಸಿಟ್ಟು ಬಂದಿತ್ತು. ನೀನಾಗಿ ಹೇಳ್ತೀಯ ಅಂತ ಕಾದೆ. ಒಂದು ವರ್ಷ ಕಾದಿರಬೇಕು. ಆಮೇಲೆ ಬಿಟ್ಟುಬಿಟ್ಟೆ” ಎಂದರು.

ನಾನು ತಲೆ ತಗ್ಗಿಸಿ ಬಾಗಿಲನ್ನೇ ನೋಡುತ್ತಿದ್ದೆ. ಅವರಿಗೆ ಅದು ಕಾಣುತ್ತಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಅಪ್ಪ ಮುಂದಿನ ಮಡ್‌ಗಾರ್ಡಿನ ಕಡೆ ಕೈ ತೋರಿಸಿದರು.

“ಅಲ್ಲಿ ಬ್ರಷ್ಷಿನಲ್ಲಿ ಹಚ್ಚಿದ್ದು ಇತ್ತಲ್ಲ, ನೋಡಿದೆಯಾ?”

“ಹನ್ನೊಂದು” ಎಂದೆ.

“ಅದೆಲ್ಲ ನನ್ನದು. ಗೇಟಿಗೆ ತಾಗಿದ್ದು, ಸೊಸೈಟಿ ಕಂಪೌಂಡಿಗೆ ತಾಗಿದ್ದು. ಒಂದು ವರ್ಷದ ಮೇಲೆಯೇ ಎಡಗಡೆ ಮಂಜು ಕವಿದ ಹಾಗೆ ಆಗ್ತಿತ್ತು ತಮ್ಮಾ. ಹೇಳಿದರೆ ಕಾರು ಬಿಡಿಸ್ತೀರಿ ಅಂತ ಹೇಳಲಿಲ್ಲ. ಪೇಟೆಯಿಂದ ಸಣ್ಣ ಬಾಟಲಿ ಬಿಳಿ ತಂದು, ನಿನ್ನ ಅಮ್ಮ ಮಲಗಿದ ಮೇಲೆ ಹಚ್ಚುತ್ತಿದ್ದೆ.”

ಕೊಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಡಾಕ್ಟರು ಹೇಳಿದ್ದ ಮಾತು ಇಬ್ಬರಿಗೂ ನೆನಪಿತ್ತು. ಹೋದದ್ದು ಬರುವುದಿಲ್ಲ, ಬೇಗ ಬಂದಿದ್ದರೆ ಇನ್ನಷ್ಟು ಉಳಿಸಬಹುದಿತ್ತು. ಆವತ್ತು ಆಸ್ಪತ್ರೆಯಲ್ಲಿ, “ಇವರಿಗೆ ಮೊದಲೇ ಏನೂ ಗೊತ್ತಾಗಲಿಲ್ವಾ?” ಎಂದು ಅವರು ಕೇಳಿದಾಗ ಅಪ್ಪ “ಇಲ್ಲ” ಎಂದಿದ್ದರು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳಲಾರೆ. ಆ ವರ್ಷ ನಾನು ಎರಡು ಸಲ ಮನೆಗೆ ಬಂದಿದ್ದೆ, ಎರಡು ಸಲವೂ ಅವರ ಪಕ್ಕದಲ್ಲಿ ಎಡ ಸೀಟಿನಲ್ಲೇ ಕೂತು ಪೇಟೆಗೆ ಹೋಗಿದ್ದೆ. ಕಿಟಕಿಯಾಚೆ ಗದ್ದೆ ನೋಡಿಕೊಂಡಿದ್ದೆ. ಕಾರಿನ ಮೈ ನೋಡಿರಲಿಲ್ಲ.

“ಇದನ್ನು ಕಿತ್ತು ತೆಗೆ” ಎಂದರು ಅಪ್ಪ, ಹಿಂಬಾಗಿಲ ಮೇಲೆ ಕೈಯಿಟ್ಟು. “ಸರಿಯಾಗಿಯೇ ಮಾಡುವಾ.”

ಕಿತ್ತೆವು. ಪುಟ್ಟಿಯನ್ನು ಎರಡು ಮೂರು ಮಿಲಿಮೀಟರಿಗಿಂತ ದಪ್ಪ ಹಾಕಬಾರದು ಎನ್ನುತ್ತಾರೆ. ಅಲ್ಲಿ ನನ್ನ ಕಿರುಬೆರಳಿನಷ್ಟು ದಪ್ಪ ಇತ್ತು. ನಸುಗುಲಾಬಿ ಬಣ್ಣದ ಬಿಲ್ಲೆಗಳಾಗಿ ಎದ್ದು ಬಂತು. ಅದರಡಿಯ ತಗಡಿನಲ್ಲಿ ಹತ್ತೊಂಬತ್ತು ವರ್ಷದ ಹಿಂದಿನ ನೆಗ್ಗು, ಕಂಬದ ಮೂಲೆಯ ಗುರುತಿನ ಸಮೇತ, ನಿನ್ನೆ ಆದ ಹಾಗೆ ಕೂತಿತ್ತು. ಸುತ್ತ ಅಲ್ಲಲ್ಲಿ ತುಕ್ಕು. ಒಳಗಿನ ಪ್ಯಾಡ್ ಬಿಚ್ಚಿದೆ. ಅಪ್ಪ ಹೊರಗಿನಿಂದ ಮರಳು ತುಂಬಿದ ಚೀಲ ಒತ್ತಿ ಹಿಡಿದರು. ನಾನು ಒಳಗಿನಿಂದ ಕೊಡತಿಗೆ ಬಟ್ಟೆ ಸುತ್ತಿ, ನೆಗ್ಗಿನ ಅಂಚಿನಿಂದ ಶುರು ಮಾಡಿ ನಡುವಿಗೆ ಬರುತ್ತಾ ತಟ್ಟಿದೆ. ಮೊದಲೇ ನಡುವಿಗೆ ಹೊಡೆದರೆ ತಗಡು ಹಿಗ್ಗಿ ಡಬ್ಬದ ಮುಚ್ಚಳದ ಹಾಗೆ ಟಕ್ ಟಕ್ ಅನ್ನುತ್ತದೆ. “ಸಾಕು. ಇನ್ನೊಂದು. ಸ್ವಲ್ಪ ಕೆಳಗೆ” ಎಂದು ಅಪ್ಪ ಹೇಳುತ್ತಾ ಹೋದರು. ಎರಡು ಗಂಟೆಯಲ್ಲಿ ಮುಕ್ಕಾಲು ಪಾಲು ಎದ್ದಿತು.

ಉಳಿದ ಕಾಲು ಪಾಲಿಗೆ ಪುಟ್ಟಿಯೇ ಬೇಕಾಯಿತು. ಪುಟ್ಟಿಗೆ ಹಾರ್ಡನರ್ ಕಲಸಿದ ಮೇಲೆ ನಮ್ಮ ಬಿಸಿಲಿನಲ್ಲಿ ಸಿಗುವುದು ನಾಲ್ಕೈದು ನಿಮಿಷ. ಅಷ್ಟರಲ್ಲಿ ಹಚ್ಚಿ ಎಳೆದು ಮುಗಿಸಬೇಕು, ತಡವಾದರೆ ಹರಳುಗಟ್ಟುತ್ತದೆ. ತೆಳುವಾಗಿ ಮೂರು ಸಲ ಹಾಕಿದೆ. ಪುಟ್ಟಿಯನ್ನು ಒಣಗಾಗಿಯೇ ತಿಕ್ಕಬೇಕು, ನೀರು ಮುಟ್ಟಿಸಬಾರದು. 80 ನಂಬರಿನ ಕಾಗದದಲ್ಲಿ ಆಕಾರ, 180ರಲ್ಲಿ ನಯ, 320ರಲ್ಲಿ ಗೀರು ಅಳಿಸುವುದು. ಪ್ರತಿ ಹಂತಕ್ಕೂ ಅಪ್ಪನ ಅಂಗೈ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು ಇಬ್ಬರೂ ಬೂದಿ ಬಳಿದವರ ಹಾಗೆ ಕಾಣುತ್ತಿದ್ದೆವು. ಅಮ್ಮ ಊಟಕ್ಕೆ ಕರೆಯಲು ಬಂದು, ಬಾವಿಕಟ್ಟೆಯಲ್ಲಿ ಸ್ನಾನ ಮುಗಿಸದೆ ಒಳಗೆ ಬರಬಾರದು ಎಂದು ಹೇಳಿ ಹೋದಳು. ಆ ಸಂಜೆ ಅಕ್ಕನಿಗೆ ಫೋನ್ ಮಾಡಿ, “ಅಪ್ಪನಿಗೆ ಮೊದಲೇ ಗೊತ್ತಿತ್ತಂತೆ” ಎಂದೆ. “ನನ್ನ 1,200 ರೂಪಾಯಿ ಇನ್ನೂ ಬಂದಿಲ್ಲ” ಎಂದಳು.

ನವೆಂಬರ್ ಕೊನೆಯ ವಾರ ಮೇಸ್ತ್ರಿ ತಮ್ಮ ಹಳೆಯ ಕಂಪ್ರೆಸರ್, ಗನ್ ಕೊಟ್ಟರು. ಬೋಳು ತಗಡಿನ ಜಾಗಗಳಿಗೆ ತುಕ್ಕು ತಡೆಯುವ ಪ್ರೈಮರನ್ನು ಆಗಾಗಲೇ ಹಚ್ಚಿಕೊಂಡು ಬಂದಿದ್ದೆ. ಈಗ ಧೂಳು ಏಳದ ಹಾಗೆ ನೆಲಕ್ಕೆ ನೀರು ಹೊಡೆದು, ಇಡೀ ಕಾರಿಗೆ ಬೂದು ಪ್ರೈಮರ್ ಹೊಡೆದೆ. ಒಣಗಿದ ಮೇಲೆ ಕಪ್ಪು ಬಣ್ಣವನ್ನು ಮಂಜಿನ ಹಾಗೆ ತೆಳುವಾಗಿ ಸಿಂಪಡಿಸಿ, 600 ಮತ್ತು 800 ನಂಬರಿನ ವಾಟರ್ ಪೇಪರಿನಲ್ಲಿ ನೀರು ಬಿಡುತ್ತಾ ತಿಕ್ಕಿದೆ. ಎತ್ತರದ ಜಾಗದಲ್ಲಿ ಕಪ್ಪು ಮೊದಲು ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಇದೊಂದು ಹಂತದಲ್ಲಿ ಮಾತ್ರ ಕಣ್ಣಿಗೂ ತಪ್ಪು ಕಾಣುತ್ತದೆ. ಅಪ್ಪ ಹೇಳಿದ್ದ ಜಾಗಗಳಲ್ಲಿ ಕಪ್ಪು ಉಳಿಯಲಿಲ್ಲ. ಅವರ ಕೈ ಹೋಗದ ಡಿಕ್ಕಿಯ ಮೂಲೆಯಲ್ಲಿ ಒಂದು ನಾಣ್ಯದಷ್ಟು ಉಳಿಯಿತು.

ಕೊನೆಯ ಪೇಂಟನ್ನೂ ಮನೆಯಲ್ಲೇ ಹೊಡೆಯುವ ಹುಮ್ಮಸ್ಸು ಬಂದಿತ್ತು. ಮೇಸ್ತ್ರಿ ಬೈದರು. ಆ ಪೇಂಟಿಗೆ ಕಲಸುವ ಹಾರ್ಡನರ್‌ನಲ್ಲಿ ಐಸೊಸೈನೇಟ್ ಇರುತ್ತದೆ, ಅದರ ಹನಿಮಂಜು ಶ್ವಾಸಕೋಶಕ್ಕೆ ಕೆಟ್ಟದ್ದು, ಧೂಳಿನ ಮಾಸ್ಕ್ ಅದನ್ನು ತಡೆಯುವುದಿಲ್ಲ. “ಅದು ನನ್ನ ಕೆಲಸ” ಎಂದರು. ಬಣ್ಣ ಯಾವುದು ಎಂಬ ಪ್ರಶ್ನೆಯೇ ಬರಲಿಲ್ಲ. ಬಣ್ಣ ಬದಲಿಸಿದರೆ ಆರ್‌ಟಿಓ ದಾಖಲೆಯಲ್ಲೂ ಬದಲಿಸಬೇಕು. ಅದಲ್ಲದೆ ಅಪ್ಪನಿಗೆ ಬಿಳಿ ಸ್ವಲ್ಪವಾದರೂ ಕಾಣುತ್ತದೆ.

ಡಿಸೆಂಬರಿನ ಮೊದಲ ವಾರ ಬಂಪರಿಲ್ಲದ, ಬೂದು ಬಣ್ಣದ ಕಾರನ್ನು ಬೆಳಗಿನ ಜಾವ ಯಾರೂ ಏಳುವ ಮೊದಲು ಮೇಸ್ತ್ರಿಯ ಶೆಡ್ಡಿಗೆ ಒಯ್ದೆ. ಅಪ್ಪ ಪಕ್ಕದಲ್ಲಿ ಕೂತಿದ್ದರು. ಮೇಸ್ತ್ರಿ ಬಟ್ಟೆ ತೆಗೆದುಕೊಂಡು ಮೊದಲಿನ ಹಾಗೆಯೇ ಏನೂ ಹೇಳದೆ ಸುತ್ತು ಬಂದರು. ಡಿಕ್ಕಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಸೊನ್ನೆ ಬರೆದರು. ಎಡ ಹಿಂಬಾಗಿಲಿನ ಮೇಲೆ ಅವರ ಕೈ ನಿಲ್ಲದೆ ಹೋಯಿತು.

“ಹದಿನಾರು” ಎಂದರು. ಆಮೇಲೆ, “ಇದು ನಿಮ್ಮ ಕೈ ಅಲ್ಲ. ಯಾರು ನೋಡಿದ್ದು?” ಎಂದು ಕೇಳಿದರು. ನಾನು ಅಪ್ಪನ ಕಡೆ ತೋರಿಸಿದೆ. ಮೇಸ್ತ್ರಿ ಅಪ್ಪನ ಕಣ್ಣು ನೋಡಿ, ಮತ್ತೇನೂ ಕೇಳದೆ ಒಂದು ಕುರ್ಚಿ ತರಿಸಿದರು.

ವಾರದ ನಂತರ ಕಾರು ಮನೆಗೆ ಬಂತು. ಅಮ್ಮನ ಬಾಟಲಿಗಳು ಒಂಬತ್ತೂ ವಾಪಸಾದವು. ಮೂರು ಸ್ಕ್ರೂ ಮಾತ್ರ ಹೆಚ್ಚು ಉಳಿದಿವೆ, ಅವು ಎಲ್ಲಿಯವು ಎಂದು ಇವತ್ತಿಗೂ ತಿಳಿದಿಲ್ಲ. ಆರ್‌ಟಿಓದಲ್ಲಿ ಐದು ವರ್ಷಕ್ಕೆ ನವೀಕರಣವಾಯಿತು. ಅಪ್ಪ ಅಂಗಳದಲ್ಲಿ ಬಟ್ಟೆಯಿಲ್ಲದೆ ಬರಿಯ ಕೈಯಲ್ಲೇ ಕಾರಿನ ಎಡಬದಿಯನ್ನು ಮುಂದಿನಿಂದ ಹಿಂದಿನವರೆಗೆ ಸವರಿದರು. ಹಿಂಬಾಗಿಲಿನ ಹತ್ತಿರ ನಿಂತು ಮತ್ತೊಮ್ಮೆ ಸವರಿದರು.

“ಎಲ್ಲಿತ್ತು ಅಂತಲೇ ಗೊತ್ತಾಗುವುದಿಲ್ಲ” ಎಂದರು. ಸಂತೋಷವೋ ಬೇಸರವೋ, ದನಿಯಲ್ಲಿ ತಿಳಿಯಲಿಲ್ಲ.

ಆಮೇಲೆ ಎಡ ಸೀಟಿನಲ್ಲಿ ಕೂತು, ಡ್ಯಾಶ್‌ಬೋರ್ಡಿನ ಖಾನೆಯಿಂದ ಉದ್ದ ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟರು. ಕೊನೆಯ ನಮೂದು 2019ರದು. ಅಕ್ಷರಗಳು ಗೆರೆ ಬಿಟ್ಟು ಎಡಕ್ಕೆ ಜಾರಿದ್ದವು.

“ಮೀಟರ್ ಎಷ್ಟಾಗಿದೆ ಓದು” ಎಂದರು. “ಓದಿ, ತಾರೀಖು ಹಾಕಿ ಬರೆ.”

ಬರೆದೆ. ಪೆಟ್ರೋಲ್ ಹಾಕಿಸಲು ಹೊರಟೆವು.